ಟೇಪಕ್ಕನ ಹನ್ನೊಂದು ನಿಮಿಷ

ಪರದೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಕೊರಳಿಗೆ ಬಿದ್ದ ಅಳತೆ ಟೇಪು ಸಂಜೆ ಆರಕ್ಕೆ ಇಳಿಯುತ್ತಿತ್ತು. ಕೆಲವು ದಿನ ಇಳಿಸುವುದು ಮರೆತು ಅದು ಅವಳ ಜೊತೆ ಬಸ್ಸು ಹತ್ತಿ ಮನೆಗೂ ಬರುತ್ತಿತ್ತು. ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆಯುವುದು, ಅಂಗಡಿಗೆ ಬಂದು ಬಟ್ಟೆ ಕತ್ತರಿಸುವುದು, ಅಂಚು ಮಡಚಿ ಗುಂಡುಪಿನ್ನು ಚುಚ್ಚಿ ಹೊಲಿಗೆಯವರ ಮುಂದೆ ಇಡುವುದು ಅವಳ ಕೆಲಸ. ಹದಿನೆಂಟು ವರ್ಷದಲ್ಲಿ ಅವಳು ಕತ್ತರಿಸಿದ ಪರದೆ ಗಿಡ್ಡವಾಯಿತೆಂದು ವಾಪಸು ಬಂದದ್ದು ಎರಡೇ ಸಲ. ಅದರಲ್ಲೂ ಒಂದು ಸಲ ತಪ್ಪು ಅವಳದಲ್ಲ, ಆ ಮನೆಯ ನೆಲವೇ ಓರೆಯಾಗಿತ್ತು.

ಅವಳ ಗಂಡ ಬಸ್ ಡಿಪೋದ ಉಗ್ರಾಣ ನೋಡಿಕೊಳ್ಳುವವನು. ಅಲ್ಲಿಂದ ಒಂದು ನಟ್ಟು ಹೊರಗೆ ಹೋಗಬೇಕಾದರೂ ಸಹಿ ಬೇಕು. ಆ ಶಿಸ್ತನ್ನು ಅವನು ಮನೆಗೂ ತಂದಿದ್ದ. ಅವನ ಸಂಬಳದ ಒಂದೊಂದು ಪಾಲಿಗೂ ಒಂದೊಂದು ಹೆಸರಿತ್ತು: ಬಾಡಿಗೆ, ಮಗಳ ಕಾಲೇಜು, ಮಗನ ಶಾಲೆ. ಅವಳ ಸಂಬಳಕ್ಕೆ ಮಾತ್ರ ಒಟ್ಟಾರೆ ಒಂದೇ ಹೆಸರು, ಮೇಲುಖರ್ಚು. ಹಾಲು, ಗ್ಯಾಸು, ಸೋಪು, ಔಷಧಿ, ಚಪ್ಪಲಿ, ಎಲ್ಲರ ಒಳಉಡುಪು, ಎಲ್ಲವೂ ಮೇಲುಖರ್ಚೇ. ವರ್ಷಕ್ಕೊಮ್ಮೆ ಕಟ್ಟುವ ಟಿವಿ ಚಂದಾ ಆರು ಸಾವಿರವೂ ಅದರಲ್ಲೇ ಸೇರಿತ್ತು.

ಟಿವಿ ಇದ್ದದ್ದು ಮುಂದಿನ ಕೋಣೆಯಲ್ಲಿ. ಅಡುಗೆಮನೆ ಅದರ ಹಿಂದೆ, ಮಧ್ಯೆ ಒಂದು ಗೋಡೆ. ಸಂಜೆ ಏಳಕ್ಕೆ ಅತ್ತೆಯ ಧಾರಾವಾಹಿ ಶುರುವಾಗುವ ಹೊತ್ತಿಗೆ ಟೇಪಕ್ಕ ತರಕಾರಿ ಹೆಚ್ಚುತ್ತಿರುತ್ತಿದ್ದಳು. ಅದು ಮುಗಿದು ಗಂಡನ ವಾರ್ತೆ ಬರುವಾಗ ಒಲೆಯ ಮುಂದೆ, ಮಗನ ಆಟ ಬರುವಾಗ ಬಡಿಸುವುದರಲ್ಲಿ, ಮಗಳ ಹಾಡುಗಾರರ ಸ್ಪರ್ಧೆ ಬರುವಾಗ ಪಾತ್ರೆಗಳ ಮುಂದೆ. ಗೋಡೆಯಾಚೆಯಿಂದ ಬರುವ ದನಿ ಕೇಳುತ್ತ ಕೇಳುತ್ತ ಆ ಧಾರಾವಾಹಿಯ ಮೂರು ವರ್ಷದ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಯಾರ ಮಗು ಯಾರದು, ಯಾವ ಉಯಿಲು ಯಾವ ಕಪಾಟಿನಲ್ಲಿದೆ ಎನ್ನುವುದನ್ನು ಅತ್ತೆಯೇ ಮರೆತು ಅವಳನ್ನು ಕೂಗಿ ಕೇಳುವುದೂ ಇತ್ತು.

ಆ ವರ್ಷ ಊರಿನ ಹಳೆಯ ನಾಟಕಶಾಲೆಗೆ ಹೊಸ ಪರದೆ ಹಾಕುವ ಕೆಲಸ ಅಂಗಡಿಗೆ ಸಿಕ್ಕಿತು. ಅಳೆಯಲು ಟೇಪಕ್ಕ ಹೋದಳು. ವೇದಿಕೆಯ ಮೇಲೆ ತಾಲೀಮು ನಡೆಯುತ್ತಿತ್ತು. “ಇನ್ನೊಂದು ಅರ್ಧ ಗಂಟೆ ಅಮ್ಮಾ, ಅಲ್ಲೆಲ್ಲಾದ್ರೂ ಕೂತಿರಿ” ಎಂದು ಯಾರೋ ಹೇಳಿದರು. ಅವಳು ಮೂರನೇ ಸಾಲಿನ ಅಂಚಿನ ಸೀಟಿನಲ್ಲಿ ಕೂತಳು. ಅರ್ಧ ಗಂಟೆ ನಲವತ್ತು ನಿಮಿಷವಾಯಿತು. ಆ ನಲವತ್ತು ನಿಮಿಷದಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ಎಲ್ಲಿಟ್ಟೆ, ಎಷ್ಟೊತ್ತು, ಇನ್ನೂ ಆಗಿಲ್ಲವಾ ಎಂದು ಕೇಳಲಿಲ್ಲ. ಅವಳು ತಾಲೀಮಿನ ಒಂದು ಮಾತನ್ನೂ ನೆನಪಿಟ್ಟುಕೊಳ್ಳಲಿಲ್ಲ, ಆ ಸೀಟಿನ ನಂಬರನ್ನು ಮಾತ್ರ ನೆನಪಿಟ್ಟುಕೊಂಡಳು.

ಪರದೆ ತೂಗುಹಾಕುವ ದಿನ ಟಿಕೆಟ್ ಕಿಂಡಿಯ ಹೆಂಗಸನ್ನು ವಿಚಾರಿಸಿದಳು. ತಿಂಗಳಿಗೊಂದರಂತೆ ಆರು ನಾಟಕ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಅದೇ ಸೀಟು ಆರೂ ಸಲಕ್ಕೆ, ಒಟ್ಟು ಒಂದೂವರೆ ಸಾವಿರ.

“ಮುಂದಿನ ಸೋಮವಾರದ ತನಕ ಇಟ್ಟಿರ್ತೀನಿ ಅಕ್ಕ. ಆಮೇಲೆ ಯಾರು ಕೇಳಿದ್ರೂ ಕೊಟ್ಟುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ.”

ಒಂದೂವರೆ ಸಾವಿರ ಮೇಲುಖರ್ಚಿನಲ್ಲಿ ಎಲ್ಲಿಂದಲೂ ಹುಟ್ಟುವ ಹಾಗಿರಲಿಲ್ಲ. ಹಾಲಿನಲ್ಲಿ ಉಳಿಸಲು ಬರುವುದಿಲ್ಲ, ಔಷಧಿಯಲ್ಲಿ ಬರುವುದಿಲ್ಲ. ಉಳಿದದ್ದು ಟಿವಿ ಒಂದೇ. ಅದರ ಚಂದಾ ಕಟ್ಟಲೂ ಅದೇ ಸೋಮವಾರ ಕಡೆಯ ದಿನ.

ಅವಳು ಊಟಕ್ಕೆ ಬಡಿಸುತ್ತ ವಿಷಯ ತೆಗೆದಳು. ಗಂಡ ಅರ್ಧ ಕೇಳುವಷ್ಟರಲ್ಲೇ ತಟ್ಟೆಯ ಪಕ್ಕದಲ್ಲಿ ಬೆರಳಿನಿಂದ ಭಾಗಾಕಾರ ಶುರು ಮಾಡಿದ್ದ.

“ಆರು ನಾಟಕ, ಎರಡೆರಡು ಗಂಟೆ, ಹನ್ನೆರಡು ಗಂಟೆ. ಗಂಟೆಗೆ ನೂರ ಇಪ್ಪತ್ತೈದು ಬಿತ್ತು! ಅದೂ ಒಬ್ಬಳಿಗೆ. ಇಲ್ಲಿ ನೋಡು, ದಿನಕ್ಕೆ ನಾಲ್ಕು ಗಂಟೆ, ಐದು ಜನ, ಮುನ್ನೂರ ಅರವತ್ತೈದು ದಿನ. ತಲೆಗೆ ಗಂಟೆಗೆ ಒಂದು ರೂಪಾಯೀನೂ ಬೀಳೋದಿಲ್ಲ. ಇಷ್ಟು ಅಗ್ಗದ ಮನರಂಜನೆ ಎಲ್ಲಿ ಸಿಗುತ್ತೆ ಹೇಳು.”

“ಐದು ಜನ ಯಾರ್ಯಾರು?” ಎಂದಳು ಟೇಪಕ್ಕ.

“ಯಾರ್ಯಾರು ಅಂದ್ರೆ? ನಾವೇ.”

“ನನ್ನನ್ನೂ ಸೇರಿಸಿದ್ರಾ?”

“ನೀನೇನು ಪಕ್ಕದ ಮನೆಯವಳಾ?”

ಮಗ ಕಿಸಕ್ಕನೆ ನಕ್ಕ. ಅತ್ತೆ, ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತಳಾದವಳು, ತಲೆಯೆತ್ತದೆ ಹೇಳಿದಳು: “ಬಾಯಲ್ಲಿ ಹೇಳೋದು ಯಾಕೆ, ಒಂದು ವಾರ ಬರೆದಿಡಿ. ಯಾರು ಎಷ್ಟು ನೋಡಿದ್ರು ಅಂತ.”

ಗಂಡನಿಗೆ ಇದಕ್ಕಿಂತ ಹಿಡಿಸುವ ಮಾತು ಇನ್ನೊಂದಿಲ್ಲ. ಅವತ್ತೇ ಐದು ಕಾಲಮ್ಮಿನ ಕಾಗದವೊಂದು ಟಿವಿಯ ಪಕ್ಕದ ಗೋಡೆಗೆ ಅಂಟಿತು, ದಾರ ಕಟ್ಟಿದ ಪೆನ್ನಿನ ಸಮೇತ.

ಒಬ್ಬೊಬ್ಬರೂ ಎದ್ದು ಹೋಗುವ ಮುಂಚೆ ತಮ್ಮ ತಮ್ಮ ಕಾಲಮ್ಮಿನಲ್ಲಿ ಬರೆದರು. ಟೇಪಕ್ಕ ಒದ್ದೆ ಕೈಯಲ್ಲಿ ಅಲ್ಲಿಯ ತನಕ ಹೋಗಲಿಲ್ಲ. ಅವಳಿಗೆ ಅವಳದೇ ದಾರಿಯಿತ್ತು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣದ ತುಂಡು ಸದಾ ಜೇಬಿನಲ್ಲಿರುತ್ತಿತ್ತು. ಟಿವಿಯ ಮುಂದೆ ಕೂತೆದ್ದಾಗಲೆಲ್ಲ ಅಡುಗೆಮನೆ ಬಾಗಿಲಿನ ಚೌಕಟ್ಟಿನ ಮೇಲೆ ನಿಮಿಷಕ್ಕೊಂದು ಗೀಟು ಎಳೆಯುತ್ತ ಬಂದಳು.

ಭಾನುವಾರ ಗಂಡ ಕಾಗದ ಕಿತ್ತು ತಂದು ಎಲ್ಲರನ್ನೂ ಕೂರಿಸಿದ. ಅತ್ತೆ ಇಪ್ಪತ್ತೊಂಬತ್ತು ಗಂಟೆ. ತಾನು ಇಪ್ಪತ್ತೇಳು. ಮಗ ಮೂವತ್ತು, ಮಗಳು ಇಪ್ಪತ್ತಾರು. ಟೇಪಕ್ಕನ ಕಾಲಮ್ಮಿನಲ್ಲಿ ಅವನದೇ ಅಕ್ಷರದಲ್ಲಿ ಇಪ್ಪತ್ತೆಂಟು ಎಂದಿತ್ತು.

“ಇದು ಯಾರು ಬರೆದದ್ದು?”

“ನೀನು ಬರೀಲಿಲ್ಲ, ಅದಕ್ಕೆ ನಾನೇ ಬರೆದೆ. ಮನೆಯಲ್ಲೇ ಇದ್ದೆಯಲ್ಲ?”

“ಮನೆಯಲ್ಲಿದ್ದೆ. ಟಿವಿ ಮುಂದೆ ಇರಲಿಲ್ಲ. ಬಾಗಿಲ ಹತ್ರ ನೋಡಿ, ಗೀಟು ಹಾಕಿದ್ದೀನಿ. ಮಂಗಳವಾರ ನಾಲ್ಕು ನಿಮಿಷ, ಗುರುವಾರ ಏಳು. ಅದರಲ್ಲೂ ಗುರುವಾರ ಬಟಾಣಿ ಸುಲೀತಿದ್ದೆ.”

“ಕಿವಿಗೆ ಬೀಳ್ತಿತ್ತಲ್ಲ. ಕೇಳಿದ್ರೂ ನೋಡಿದ ಹಾಗೇ.”

“ಅಪ್ಪ ಹೇಳೋದು ನಿಜ,” ಎಂದ ಮಗ. “ಅಮ್ಮನಿಗೆ ಪೂರ್ತಿ ಕಥೆ ಗೊತ್ತು. ಕೇಳಿ ಬೇಕಾದ್ರೆ. ಅಮ್ಮಾ, ಆ ಡಾಕ್ಟರ್ ಯಾರನ್ನ ಮದುವೆ ಆಗಬೇಕಿತ್ತು?”

“ದೊಡ್ಡವಳನ್ನ. ಆದದ್ದು ಚಿಕ್ಕವಳನ್ನ. ಪತ್ರ ಬದಲಾಯಿಸಿದ್ದು ಅವರ ಚಿಕ್ಕಮ್ಮ,” ಟೇಪಕ್ಕ ಥಟ್ಟನೆ ಹೇಳಿಬಿಟ್ಟಳು. ಹೇಳಿದ ಮೇಲೆ ತನ್ನ ಕೇಸಿಗೆ ತಾನೇ ಕಲ್ಲು ಹಾಕಿಕೊಂಡದ್ದು ಗೊತ್ತಾಯಿತು.

ಗಂಡ ಕಾಗದದ ಮೇಲೆ ಪೆನ್ನಿನಿಂದ ಒಂದು ಟಿಕ್ ಹಾಕಿದ. “ಮುಗೀತಲ್ಲ!”

ಮಗಳು ರಿಮೋಟು ತೆಗೆದುಕೊಂಡು ಧಾರಾವಾಹಿಯ ಹಳೆಯ ಕಂತೊಂದನ್ನು ಹಾಕಿದಳು, ದನಿಯನ್ನು ಪೂರ್ತಿ ಅಡಗಿಸಿದಳು. ತೆರೆಯ ಮೇಲೆ ಊಟದ ಮೇಜಿನ ಸುತ್ತ ಏಳೆಂಟು ಜನ ಬಾಯಿ ಆಡಿಸುತ್ತಿದ್ದರು.

“ಅಮ್ಮಾ, ಇದರಲ್ಲಿ ಚಿಕ್ಕಮ್ಮ ಯಾರು?”

ಟೇಪಕ್ಕ ಮುಂದೆ ಬಾಗಿ ನೋಡಿದಳು. ಕಿಟಕಿ ಅಳೆಯುವಾಗ ಮಾಡುವಂತೆ ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ ಎಡದಿಂದ ಬಲಕ್ಕೆ ಒಂದೊಂದೇ ಮುಖವನ್ನು ದಾಟಿದಳು.

“ಆ ದಪ್ಪಗಿನವರು, ಕನ್ನಡಕದವರು.”

“ಅದು ಅಡುಗೆಯವಳು ಅಮ್ಮಾ. ಆ ದೊಡ್ಡವಳು ಯಾರು?”

“ಆ ನೀಲಿ ಬಟ್ಟೆಯವಳು ಇರಬೇಕು. ಮುಖ ನೋಡಿದ್ರೇ ಗೊತ್ತಾಗುತ್ತೆ, ಪಾಪ, ಒಳ್ಳೆಯವಳು.”

ಮಗ ಸೋಫಾದ ಮೇಲೆ ಹೊರಳಾಡಿ ನಕ್ಕ. “ಅಯ್ಯೋ, ಅವಳೇ ಚಿಕ್ಕಮ್ಮ! ಅವಳೇ ಪತ್ರ ಬದಲಾಯಿಸಿದ್ದು!” ಗಂಡನೂ ನಕ್ಕ. ಟೇಪಕ್ಕನೂ ನಕ್ಕಳು. ಮೂರು ವರ್ಷದಿಂದ ಆ ಚಿಕ್ಕಮ್ಮನ ದನಿಗೆ ಅವಳು ಬೋಳು ಹುಬ್ಬಿನ, ಬಾಗಿದ ಮೂಗಿನ ಒಬ್ಬ ಮುದುಕಿಯ ಮುಖ ಅಂಟಿಸಿಟ್ಟಿದ್ದಳು. ಇಲ್ಲಿ ನೋಡಿದರೆ ತನ್ನ ಅರ್ಧ ವಯಸ್ಸಿನ ಹುಡುಗಿ!

ಅತ್ತೆ ಮಾತ್ರ ನಗಲಿಲ್ಲ. ಸೊಸೆಯ ಮುಖವನ್ನೂ ಟಿವಿಯನ್ನೂ ಒಂದಾದ ಮೇಲೊಂದು ನೋಡಿದಳು.

“ಮೂರು ವರ್ಷದಿಂದ ದಿನಾ ನನ್ನ ಜೊತೆ ನೋಡ್ತಾಳೆ ಅಂತ ತಿಳ್ಕೊಂಡಿದ್ದೆ,” ಎಂದಳು. “ಇವಳಿಗೆ ಒಬ್ಬರ ಮುಖವೂ ಗೊತ್ತಿಲ್ಲ. ಹೊಡೆದು ಹಾಕೋ ಆ ಕಾಲಮ್ಮು.”

“ಅಮ್ಮಾ, ಹಾಗಲ್ಲ...” ಎಂದ ಗಂಡ.

“ಹೊಡೆದು ಹಾಕು ಅಂದೆ. ಮುದ್ರೆ ಬೀಳದ ಕಾಗದ ಅದು.”

ಗಂಡ ಹೊಡೆದು ಹಾಕಿದ. ಐದರ ಜಾಗಕ್ಕೆ ನಾಲ್ಕು ಬಂದಾಗ ತಲೆಗೆ ಗಂಟೆಗೆ ಬೀಳುವ ದುಡ್ಡು ಒಂದನ್ನು ದಾಟಿತು, ಅದೂ ಕೂದಲೆಳೆಯಷ್ಟು. “ಆದ್ರೂ ಅಗ್ಗವೇ,” ಎಂದು ಅವನು ಇನ್ನೂ ಹಟ ಹಿಡಿದಿದ್ದ. ಮಗಳು ಫೋನಿನಲ್ಲಿ ಇನ್ನೊಂದು ಲೆಕ್ಕ ಮಾಡುತ್ತಿದ್ದಳು.

“ಅಮ್ಮಂದು ವಾರಕ್ಕೆ ಹನ್ನೊಂದು ನಿಮಿಷ. ವರ್ಷಕ್ಕೆ ಒಂಬತ್ತೂವರೆ ಗಂಟೆ. ಐದರಲ್ಲಿ ಒಂದು ಪಾಲು ಅಂದ್ರೆ ಸಾವಿರದ ಇನ್ನೂರು. ಗಂಟೆಗೆ ನೂರ ಇಪ್ಪತ್ತಾರು ಅಪ್ಪ. ನಾಟಕಕ್ಕಿಂತ ಒಂದು ಜಾಸ್ತಿ.” ಮತ್ತೆ ಹೇಳಿದಳು, “ಆದ್ರೆ ಆರು ಸಾವಿರವೂ ಅಮ್ಮನೇ ಕಟ್ಟೋದು ಅಲ್ವಾ? ಹಾಗೆ ನೋಡಿದ್ರೆ ಗಂಟೆಗೆ ಆರುನೂರ ಮೂವತ್ತು.”

ತೆರೆಯ ಮೇಲೆ ಚಿಕ್ಕಮ್ಮ ಸದ್ದಿಲ್ಲದೆ ಯಾರನ್ನೋ ಬೈಯುತ್ತಿದ್ದಳು.

“ಇಷ್ಟು ಅಗ್ಗ ಇದ್ಮೇಲೆ ನೋಡೋ ನಾಲ್ಕು ಜನ ಸೇರಿ ಕಟ್ಟಿಕೊಳ್ಳಿ,” ಎಂದಳು ಟೇಪಕ್ಕ. ದನಿ ಏರಿಸಲಿಲ್ಲ. ಗಿರಾಕಿಗೆ ಬಟ್ಟೆ ಎಷ್ಟು ಮೀಟರು ಬೇಕೆಂದು ಹೇಳುವ ದನಿ ಅದು. “ನನ್ನದರಲ್ಲಿ ನಾನು ಸೀಟು ತಗೋತೀನಿ. ಉಳಿದದ್ದು ಗ್ಯಾಸಿಗೆ ಇರಲಿ.”

“ಭಾನುವಾರ ನಾಲ್ಕಕ್ಕೆ ನೀನು ಹೋದ್ರೆ ಚಹಾ ಯಾರು ಮಾಡ್ತಾರೆ?” ಎಂದ ಮಗ. ಪ್ರಶ್ನೆ ಅವನ ತಲೆಯ ಮೇಲೆಯೇ ತೂಗಾಡುತ್ತ ಉಳಿಯಿತು.

ಸೋಮವಾರ ಟೇಪಕ್ಕ ಸೀಟು ತೆಗೆದುಕೊಂಡಳು. ಟಿವಿಗೆ ಅತ್ತೆ ಪಿಂಚಣಿಯಿಂದ ಅರ್ಧ ಕೊಟ್ಟಳು, ಗಂಡ ಹಲ್ಲು ಕಚ್ಚಿ ಇನ್ನರ್ಧ ಕಟ್ಟಿದ. ಅವತ್ತಿನಿಂದ ರಿಮೋಟು ಅತ್ತೆಯ ಕೈ ಸೇರಿತು. ಮೊದಲ ಸಂಜೆಯೇ ಅವಳು ದನಿ ತಗ್ಗಿಸಿದಳು. “ದುಡ್ಡು ಕೊಡದವರಿಗೆ ಯಾಕೆ ಪುಕ್ಕಟೆ ಕೇಳಿಸಬೇಕು?” ಎಂದು ಅಡುಗೆಮನೆಯ ಕಡೆ ಕೂಗಿ ಹೇಳಿದಳು. ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ದನಿ ಮಾತ್ರ ನಿಜವಾಗಿಯೂ ತಗ್ಗಿತು. ಅಡುಗೆಮನೆಯಲ್ಲಿ ಮೊದಲ ಸಲ ನೀರು ಕುದಿಯುವ ಸದ್ದು ಕೇಳಿಸಿತು.

ಮೊದಲ ನಾಟಕದ ದಿನ ಟೇಪಕ್ಕ ಕಾಲು ಗಂಟೆ ಮುಂಚೆಯೇ ಹೋಗಿ ಕೂತಳು. ಪರದೆಯನ್ನು ಕಣ್ತುಂಬ ನೋಡಿದಳು. ಎಡ ಅಂಚು ಒಂದು ಬೆರಳು ಜೋಲುಬಿದ್ದಿತ್ತು. ಬಟ್ಟೆ ಭಾರಕ್ಕೆ ಹಿಗ್ಗಿದ್ದು, ಸೋಮವಾರ ಅಂಗಡಿಯ ಯಜಮಾನರಿಗೆ ಹೇಳಬೇಕು ಅಂದುಕೊಂಡಳು. ದೀಪ ಆರಿತು, ಪರದೆ ಸರಿಯಿತು, ಮಾತು ಶುರುವಾಯಿತು.

ವಿರಾಮದಲ್ಲಿ ಪಕ್ಕದ ಸೀಟಿನ ನರ್ಸ್ ಒಬ್ಬಳು ಪರಿಚಯ ಮಾಡಿಕೊಂಡಳು. “ಆ ಕುಂಟೋ ಮುದುಕ ಚೆನ್ನಾಗಿ ಮಾಡ್ತಾನೆ ಅಲ್ವಾ?”

“ಯಾರು ಕುಂಟ್ತಾರೆ?” ಎಂದಳು ಟೇಪಕ್ಕ.

ನರ್ಸ್ ಅವಳನ್ನು ವಿಚಿತ್ರವಾಗಿ ನೋಡಿದಳು. ಟೇಪಕ್ಕ ತನ್ನ ಮಡಿಲು ನೋಡಿಕೊಂಡಳು. ನಾಟಕದ ವಿವರ ಅಚ್ಚು ಮಾಡಿದ ಕಾಗದ ಅಲ್ಲಿತ್ತು. ಅದರ ನಾಲ್ಕೂ ಅಂಚುಗಳು ಒಂದೊಂದು ಬೆರಳಗಲ, ಎಲ್ಲೂ ಓರೆಯಾಗದೆ ಮಡಚಿಕೊಂಡಿದ್ದವು. ಒಂದು ಗಂಟೆ ಹೊತ್ತು ಅವಳ ಕೈ ಕೆಲಸ ಮಾಡಿತ್ತು, ಕಣ್ಣು ಕೈಯ ಮೇಲೇ ಇತ್ತು, ಕಿವಿಯೊಂದೇ ನಾಟಕಕ್ಕೆ ಬಂದಿತ್ತು. ಮುದುಕನ ಮಾತು ಒಂದೂ ಬಿಡದೆ ಅವಳಿಗೆ ನೆನಪಿತ್ತು. ಅವನಿಗೆ ಕಾಲು ಇದ್ದದ್ದೇ ಗೊತ್ತಿರಲಿಲ್ಲ.

ವಿರಾಮದ ನಂತರ ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಹಾಗೂ ಮೂರು ಸಲ ಕಣ್ಣು ಕೆಳಗೆ ಜಾರಿತು. ಮೂರೂ ಸಲ ಎತ್ತಿದಳು.

ಮನೆಗೆ ಬಂದರೆ ಸಿಂಕಿನಲ್ಲಿ ಮೊಟ್ಟೆ ಹುರಿದ ಬಾಣಲೆ ನೀರು ತುಂಬಿಕೊಂಡು ಕೂತಿತ್ತು. “ನಿನಗೆ ತೊಳೆಯೋಕೆ ಸುಲಭ ಆಗಲಿ ಅಂತ ನೆನೆಸಿಟ್ಟೆ,” ಎಂದ ಗಂಡ, ಉಪಕಾರ ಮಾಡಿದವನ ಹಾಗೆ. “ಹೇಗಿತ್ತು? ದುಡ್ಡು ಹುಟ್ತಾ?”

“ಅರ್ಧ ಕೇಳಿದೆ, ಅರ್ಧ ನೋಡಿದೆ. ಅರ್ಧ ದುಡ್ಡು ಹೋಯ್ತು.”

“ನಾನು ಹೇಳಲಿಲ್ವಾ!”

“ಇನ್ನೂ ಐದಿದೆ. ಕಲೀತೀನಿ,” ಎಂದಳು ಟೇಪಕ್ಕ. ಬಾಣಲೆಯನ್ನು ತೋರಿಸಿದಳು. “ಇದನ್ನ ಉಜ್ಜೋಕೆ ಹದಿನೈದು ನಿಮಿಷ. ಎರಡು ಗಂಟೆಯಲ್ಲಿ ಕಳೀರಿ. ಗಂಟೆಗೆ ಎಷ್ಟು ಬಿತ್ತು ನೋಡಿ.”

ಅವನು ತಡೆಯಲಾರದೆ ಲೆಕ್ಕ ಹಾಕಿಯೇ ಬಿಟ್ಟ. ನೂರ ನಲವತ್ತಮೂರರ ಹತ್ತಿರ ಬಂತು. ದುಬಾರಿ ಎಂದು ಅವನಿಗೂ ಅನ್ನಿಸಿತು. ಲೆಕ್ಕದ ಮನುಷ್ಯನಿಗೆ ತಾನೇ ಹಾಕಿದ ಲೆಕ್ಕವನ್ನು ತಳ್ಳಿಹಾಕಲು ಬರುವುದಿಲ್ಲ. ಮುಂದಿನ ತಿಂಗಳು ಅವಳು ಬರುವಾಗ ಅವನು ಬಾಣಲೆ ತೊಳೆದು ಬೋರಲು ಹಾಕಿದ್ದ. ಹೊರಮೈಗೆ ಜಿಡ್ಡು ಹಾಗೇ ಅಂಟಿತ್ತು. ಟೇಪಕ್ಕ ಅದನ್ನು ಮತ್ತೆ ತೊಳೆಯಲಿಲ್ಲ, ತೊಳೆಯಬೇಕೆಂದು ಕೈ ಹೋದದ್ದು ನಿಜ.

ಆ ಎರಡನೆಯ ನಾಟಕ ಸಪ್ಪೆಯಾಗಿತ್ತು. ನರ್ಸ್ ಆಕಳಿಸಿದಳು, ಹಿಂದಿನ ಸಾಲಿನಲ್ಲಿ ಇಬ್ಬರು ಎದ್ದು ಹೋದರು. ಟೇಪಕ್ಕನ ಕಾಗದದ ಅಂಚುಗಳು ಮಡಚದೆ ಉಳಿದವು. “ಆ ಸೊಸೆ ಪಾತ್ರದವಳ ಕುತ್ತಿಗೆ ಮೇಲೆ ಒಂದು ಮಚ್ಚೆ ಇದೆ, ನೋಡಿದ್ರಾ?” ಎಂದು ಹೊರಗೆ ಬರುವಾಗ ಅವಳು ನರ್ಸಿಗೆ ಹೇಳಿದಳು. “ಸಿಟ್ಟು ಬಂದಾಗ ಅದೂ ಮೇಲೆ ಕೆಳಗೆ ಆಡುತ್ತೆ.”

ಸೋಮವಾರ ಅಂಗಡಿಯಲ್ಲಿ ಯಜಮಾನ ಕೇಳಿದ, “ನಾಟಕಶಾಲೆಗೆ ಹೋಗಿದ್ರಂತಲ್ಲ ಟೇಪಕ್ಕ. ಹೋದ ವಾರ ಎಡ ಅಂಚು ಎತ್ತಿ ಹೊಲಿಸಿದ್ವಲ್ಲ, ಸರಿ ಕೂತಿದೆಯಾ?”

ಟೇಪಕ್ಕ ಕೊರಳಿಗೆ ಟೇಪು ಹಾಕಿಕೊಳ್ಳುತ್ತ ಒಂದು ಕ್ಷಣ ಯೋಚಿಸಿದಳು.

“ಗೊತ್ತಿಲ್ಲ,” ಎಂದಳು. “ನಾನು ನಾಟಕ ನೋಡ್ತಿದ್ದೆ.”