ಸೀಟಿನ ಮ್ಯಾಲ ಕೂಡದಾಕಿ

ಕರಾವಳಿಯೊಳಗ ಸಮುದ್ರದ ಮೀನಿನ ಮ್ಯಾಲ ಸಂಶೋಧನೆ ಮಾಡೋ ನಮ್ಮ ಓಣಿಯ ಭಾಗ್ಯಶ್ರೀ ಸೂಟಿಗೆ ಅಕ್ಕಿಆಲೂರಿಗೆ ಬಂದಳಂದ್ರ ಯಾರನ್ನೂ ಸುಮ್ಮನ ಕೂಡಗೊಡೂದಿಲ್ಲ, ತಾನೂ ಕೂಡೂದಿಲ್ಲ. ಬಸ್ಸಿನ್ಯಾಗ ಸೀಟು ಖಾಲಿ ಇದ್ರೂ ಹಾನಗಲ್ಲಿಂದ ನಿಂತ ಬರ್ತಾಳ. ನಮ್ಮ ಸೋಫಾದ ಹರಕಿನ್ಯಾಗ ಬೆರಳು ಹಾಕಿ ಸ್ಪಂಜು ಚಿವುಟಿ ಮೂಸ್ತಾಳ, ಕೈ ತೊಳೀತಾಳ, ಮತ್ತ ಬಂದು ಚಿವುಟ್ತಾಳ. “ಬೆಂಕಿ ಹತ್ತಬಾರದಂತ ಇದಕ್ಕ ಔಷಧ ಕಲಸಿರ್ತಾರ್ರಿ ಕಾಕಾ. ಅದು ಧೂಳಾಗಿ, ನೀರು ಸೇರಿ, ಸಮುದ್ರಕ್ಕ ಹೋಗಿ ಮೀನಿನ ಕೊಬ್ಬಿನ್ಯಾಗ ಕುಂದರ್ತೈತಿ.” ಮೀನು ಅದನ್ನ ಕರಗಿಸೂದಿಲ್ಲೇನು ಅಂತ ಕೇಳಿದ್ರ ಮುಗೀತು, ನಮ್ಮ ಚಹಾ ಆರಿ ಹೋಗ್ತೈತಿ. “ಮೀನಿನ ಲಿವರ್ ಅದನ್ನ ಮುರೀತೈತ್ರಿ. ಆದ್ರ ಒಮ್ಮೊಮ್ಮೆ ಮುರಿದ ತುಂಡು ಇಡೀದಕ್ಕಿಂತ ಹಟಮಾರಿ, ಮೈ ಬಿಟ್ಟು ಹೋಗೂದ ಇಲ್ಲ. ಇಂಥಾದ್ದನ್ನ ಯಾಕ ಹಾಕಬೇಕ್ರಿ?” ಊರಾಗ ಆಕಿ ಬಾಯಿ ಮುಚ್ಚಿಸಿದವರಿಲ್ಲ. ಆಕಿ ಅವ್ವ ಹುಚ್ಚವ್ವನ ಬಲಗೈ ಸುಟ್ಟು ಮುದುಡೇತಿ. ಚಿಮಣಿ ದೀಪ ಬಿದ್ದು ಗಾದಿ ಉರಿಯಾಕತ್ತಾಗ, ಕೂಸಾಗಿದ್ದ ಈ ಮಗಳನ್ನ ಎಳಕೊಂಡ ಕೈ ಅದು. ಅದ ಕೈಲೆ ರೊಟ್ಟಿ ಬಡಕೋಂತ ಹ್ವಾದ ಸೂಟ್ಯಾಗ ಹುಚ್ಚವ್ವ ಮಗಳನ್ನ ಮೆಲ್ಲಕ ಕೇಳಿದ್ಲು: “ಆವತ್ತು ಆ ಗಾದ್ಯಾಗ ನೀ ಬೈಯ್ಯೋ ಔಷಧ ಇದ್ದಿದ್ರ ಬೆಂಕಿ ಹತ್ತತಿರಲಿಲ್ಲೇನವ್ವ?” ಅವತ್ತಿನಿಂದ ಭಾಗ್ಯಶ್ರೀ ನಿಂತಲ್ಲಿ ನಿಲ್ಲೂದೂ ಇಲ್ಲ.