ಅಡ್ಡಿಲ್ಲೆ ಎಂಬ ತೀರ್ಪು

ಕಳೆದ ವಾರ ಸಾಗರದ ರಕ್ತ ಪರೀಕ್ಷಾ ಕೇಂದ್ರವೊಂದರಲ್ಲಿ, ಸೂಜಿ ಚುಚ್ಚುವ ಮೊದಲು ಅಲ್ಲಿನ ಹೆಣ್ಣುಮಗಳು ನನ್ನ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಮೂಗಿಗೇರುವ ಆ ತಣ್ಣನೆಯ ವಾಸನೆಗೆ ನನಗೆ ನೆನಪಾದದ್ದು ಯಾವ ಆಸ್ಪತ್ರೆಯೂ ಅಲ್ಲ, ಒಂದು ವಿಡಿಯೋ ಗೇಮ್ ಅಂಗಡಿ. ಅದರ ಯಜಮಾನರು ಪ್ರತಿ ಗೇಮ್ ಕ್ಯಾಸೆಟ್ಟಿನ ತುದಿಯ ಲೋಹದ ಹಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆಯೇ ಯಂತ್ರಕ್ಕೆ ಹಾಕುತ್ತಿದ್ದರು...

ಅಂಗಡಿಯಿದ್ದದ್ದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಅದು ತೆರೆದದ್ದು ಮಗಳು ಹೈಸ್ಕೂಲು ಸೇರಿದ ವರ್ಷವೆಂದು ನಾನು ನಂಬಿದ್ದೆ. ಅದಕ್ಕೂ ಹಿಂದಿನ ವರ್ಷವೆಂದು ನನ್ನ ಹೆಂಡತಿಯ ವಾದ. ಹಳೆಯ ಅಂಕಪಟ್ಟಿಗಳನ್ನು ತೆಗೆದು ತಾಳೆ ನೋಡಿದೆ. ಗಣಿತದ ಅಂಕ ಕುಸಿದಿರುವುದು ಏಳನೆಯ ತರಗತಿಯಲ್ಲಿ. ಹೆಂಡತಿಯ ಮಾತೇ ಸರಿ.

ಶಾಲೆ ಬಿಟ್ಟೊಡನೆ ಅಲ್ಲಿ ಆಡಲು ಕೂರುತ್ತಿದ್ದ ಮಗಳನ್ನು ಎಬ್ಬಿಸಿಕೊಂಡು ಬರಲು ಹೋದ ನಾನು ಕ್ರಮೇಣ ಅಲ್ಲಿಯೇ ಕೂರತೊಡಗಿದೆ. ಆಡುವುದಕ್ಕಲ್ಲ, ಅವರ ವಿಮರ್ಶೆ ಕೇಳುವುದಕ್ಕೆ. ಹೊಸ ಆಟ ಬಂದರೆ ಅವರೇ ಮೊದಲು ಆಡಿ ಗುಣದೋಷ ಹೇಳುತ್ತಿದ್ದರು. ಒಂದು ಕಾರು ಓಟದ ಆಟದ ಬೆಟ್ಟಗುಡ್ಡಗಳನ್ನು ಎಲ್ಲರೂ ಹೊಗಳುತ್ತಿದ್ದಾಗ ಅವರೆಂದದ್ದು: "ಚಿತ್ರ ಚಂದ. ಆದ್ರೆ ತಿರುವಲ್ಲಿ ಕಾರು ಕೈಯ ಮಾತು ಕೇಳ್ತಿಲ್ಲೆ. ಆಗುಂಬೆ ಘಾಟಿ ಡ್ರೈವರ್ ಇದನ್ನ ಆಡಿದ್ರೆ, ಇಳಿದು ನಡ್ಕಂಡ್ ಹೋಗ್ತಾನೆ." ಕಾದಾಟದ ಇನ್ನೊಂದು ಆಟದಲ್ಲಿ ಮೂಲೆಗೆ ಸರಿದು ಒಂದೇ ಒದೆತವನ್ನು ಮತ್ತೆ ಮತ್ತೆ ಒದ್ದರೆ ಯಾರನ್ನಾದರೂ ಗೆಲ್ಲಬಹುದೆಂದು ತೋರಿಸಿ, "ಇದು ಯುದ್ಧ ಅಲ್ಲ, ಕತ್ತೆ ಒದೆತ" ಎಂದು ಬದಿಗಿಟ್ಟರು. ಅವರ ಪರಮ ಸೂತ್ರ ಒಂದೇ: "ಸತ್ರೆ ಯಾಕೆ ಸತ್ತೆ ಅಂತ ಗೊತ್ತಾಗ್ಬೇಕು ಮೇಷ್ಟ್ರೇ. ಗೊತ್ತಾದ್ರೆ ಮತ್ತೊಂದ್ಸಲ ಆಡ್ತಾರೆ. ಇಲ್ದಿದ್ರೆ ಎದ್ದು ಹೋಗ್ತಾರೆ." ನಾನು ಎಂದೂ ಪಾಠ ಹೇಳಿದವನಲ್ಲ. ಇತಿಹಾಸ ಸಂಶೋಧಕನಾದ ನನ್ನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಅವರು ಮೇಷ್ಟ್ರು ಎನ್ನುತ್ತಿದ್ದರು.

ಎಲ್ಲ ಪರೀಕ್ಷೆಗಳನ್ನೂ ಗೆದ್ದ ಆಟಕ್ಕೆ ಅವರಿಂದ ಸಿಗುತ್ತಿದ್ದದ್ದು ಒಂದೇ ಮಾತು: "ಅಡ್ಡಿಲ್ಲೆ." ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಆ ಬಾಯಲ್ಲಿ ನಾನು ಕೇಳಿರಲಿಲ್ಲ.

ಮುಂದೆ ಅಂಗಡಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ನಾನೇ ಒಂದು ಆಟ ಮಾಡಿಸಿದೆ. ಹೊಸನಗರದಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ನನ್ನ ಹೆಂಡತಿಯ ತಮ್ಮ ಅದನ್ನು ಕಟ್ಟಿಕೊಟ್ಟ. ದೂತನೊಬ್ಬ ಇಕ್ಕೇರಿಯ ಕೋಟೆಯೊಳಗೆ ಓಲೆ ಒಯ್ಯಬೇಕು; ಪ್ರತಿ ಬಾಗಿಲಲ್ಲೂ ಕಾವಲುಗಾರ ಒಂದು ಇಸವಿ ಕೇಳುತ್ತಾನೆ; ತಪ್ಪಿದರೆ ದೂತನ ಸಾವು. ಸರಿಯುತ್ತರವನ್ನು ಎಲ್ಲಿಯೂ ತೋರಿಸಕೂಡದೆಂಬುದು ನನ್ನ ಸೂಚನೆ. ಅದನ್ನು ಶಾಲೆಗಳಿಗೆ ಮುಟ್ಟಿಸುವುದು ಆಗ ನನ್ನ ಏಕಮಾತ್ರ ಆಸೆಯಾಗಿತ್ತು. ತೀರ್ಥಹಳ್ಳಿಯ ಉಪಾಧ್ಯಾಯರ ಸಭೆಯೊಂದು ನೋಡಲು ಒಪ್ಪಿತ್ತು. ಅದಕ್ಕೆ ಮೊದಲು ಸಿ.ಡಿ.ಯನ್ನು ಅಂಗಡಿಯವರಿಗೆ ಕೊಟ್ಟು ಬಂದೆ.

ಚೌತಿ ಹಬ್ಬ ಕಳೆದ ಮೇಲೆ ಹೋಗಿ ಕೇಳಿದೆ. ಅವರು ಯಾವುದೋ ಕ್ಯಾಸೆಟ್ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. "ಅಡ್ಡಿಲ್ಲೆ ಮೇಷ್ಟ್ರೇ," ಎಂದರು. ಹಿಗ್ಗಿನಿಂದ ಮನೆಗೆ ನಡೆದು ಬಂದೆ...

ತೀರ್ಥಹಳ್ಳಿಯಲ್ಲಿ ಮೊದಲು ಆಡಲು ಕುಳಿತ ಉಪಾಧ್ಯಾಯಿನಿ ಮೊದಲ ಬಾಗಿಲಲ್ಲೇ ಸತ್ತರು. ಮತ್ತೆ ಆಡಿದರು, ಮತ್ತೆ ಸತ್ತರು. ಮೂರನೆಯ ಬಾರಿ ಕೀಲಿಮಣೆಯನ್ನು ದೂರ ಸರಿಸಿ, "ಇದೆಂತ ಸಾವು ಮಾರಾಯ್ರೇ, ಕಾರಣವೇ ಇಲ್ಲ!" ಎಂದು ನಕ್ಕರು. ಸಭೆಯೂ ನಕ್ಕಿತು. ಚಹಾ ಕುಡಿಯಲು ಹೊರಟವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಆ ಬಾಗಿಲಲ್ಲಿ ಕೇಳುವ ಇಸವಿಯನ್ನು ನಾನು ಹಲವು ಶಾಸನಗಳಿಂದ ತಾಳೆ ನೋಡಿದ್ದೆ. ಅದು ಇಂದಿಗೂ ಸರಿಯೇ.

ಮರಳುವ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಮೈದುನ ಮೆಲ್ಲಗೆ ಕೇಳಿದ: "ಬಾಗ್ಲಲ್ಲೇ ಎಲ್ರೂ ಸಾಯ್ತಾರೆ ಅಂತ ಅಂಗಡಿಯವ್ರು ನಂಗೆ ಹೇಳಿದ್ರಲ್ಲ ಭಾವ, ನಿಮ್ಗೆ ಹೇಳ್ಲಿಲ್ವಾ? ನೀವು ಗೊತ್ತಿದ್ದೇ ಹಾಗೆ ಬಿಟ್ಟಿದ್ದು ಅಂದ್ಕೊಂಡೆ."

ಯಾವಾಗ ಹೇಳಿದರು? ನನಗೆ ಮುಖ್ಯವಾದದ್ದು ಅದೊಂದೇ. ನನ್ನೊಡನೆ ಮಾತಾಡಿದ ನಂತರ ದೋಷ ಕಂಡಿದ್ದರೆ ಅವರು ನಿರ್ದೋಷಿ. ಮೈದುನ ಯೋಚಿಸಿ ನೆನಪಿಸಿಕೊಂಡ: ಗಣಪತಿ ತರಲೆಂದು ಸಾಗರಕ್ಕೆ ಬಂದವನು ಅಂಗಡಿಗೆ ಹೊಕ್ಕಿದ್ದ. ಅಂದರೆ ಹಬ್ಬಕ್ಕೆ ಮೊದಲು. ಮನೆಗೆ ಬಂದು ಹೆಂಡತಿಯನ್ನೂ ಕೇಳಿ ಖಚಿತಪಡಿಸಿಕೊಂಡೆ; ಅವನು ಅಂದು ಊಟಕ್ಕೆ ನಮ್ಮಲ್ಲಿಗೇ ಬಂದಿದ್ದನಂತೆ. ತಿದ್ದಲು ಬೇಕಾದಷ್ಟು ಸಮಯವಿತ್ತು.

ಅಂಗಡಿಗೆ ಹೋಗಿ ನೇರವಾಗಿ ಕೇಳಿದೆ. ಅವರು ಹತ್ತಿಯನ್ನು ಕೆಳಗಿಟ್ಟರು.

"ಎಂತ ಹೇಳದು ಮೇಷ್ಟ್ರೇ... ಅಷ್ಟು ಆಸೆಯಿಂದ ತಂದಿದ್ರಿ. ನಾ ಅಡ್ಡಿಲ್ಲೆ ಅಂದಿದ್ದು. ಚೊಲೋ ಇದ್ದು ಅಂದಿದ್ನಾ?"

ಚೊಲೋ ಇದ್ದು ಎಂದರೆ ಚೆನ್ನಾಗಿದೆ; ಅಡ್ಡಿಯಿಲ್ಲ ಎಂದರೆ ತಕರಾರಿಲ್ಲ, ಅಷ್ಟೇ. ನಿಘಂಟು ಅವರ ಪಕ್ಷದಲ್ಲಿತ್ತು. ಆದರೆ ಆ ಪದಕ್ಕೆ ನನ್ನ ಕಣ್ಣೆದುರೇ, ಆಟದಿಂದ ಆಟಕ್ಕೆ, ಬೇರೊಂದು ಅರ್ಥ ಕೊಟ್ಟವರೂ ಅವರೇ. ಪರದೇಶದ ಅಪರಿಚಿತರು ಮಾಡಿದ ಆಟಗಳಿಗೆ ಸಂದ ಸತ್ಯ ನನ್ನ ಆಟಕ್ಕೆ ಸಲ್ಲಲಿಲ್ಲ. ಅದನ್ನು ದಾಕ್ಷಿಣ್ಯವೆಂದು ಕ್ಷಮಿಸಲು ನನ್ನಿಂದ ಆಗಲಿಲ್ಲ. ಮತ್ತೆ ಆ ಓಣಿಗೆ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ನನಗೆ ತಲುಪಿದ್ದು ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವರು ಬಂದ ಮೇಲೆ...

ನಿನ್ನೆ ಪರೀಕ್ಷೆಯ ವರದಿ ತರಲು ಹೋಗಿದ್ದೆ. ಅದೇ ಹೆಣ್ಣುಮಗಳು ಹಾಳೆಯ ಮೇಲೆ ಕಣ್ಣಾಡಿಸಿ, "ಅಡ್ಡಿಲ್ಲೆ ಸರ್," ಎಂದಳು.

"ಅಡ್ಡಿಲ್ಲೆಯೋ, ಚೊಲೋ ಇದ್ದೋ?"

"ಎರಡೂ ಒಂದೇ ಅಲ್ದಾ ಸರ್?" ನಕ್ಕಳು.

ಒಂದೇ ಅಲ್ಲವೆಂದು ಬಲ್ಲವರು ಈ ಊರಿನಲ್ಲಿ ಇಬ್ಬರಿದ್ದೆವು. ಒಬ್ಬನೇ ವರದಿಯನ್ನು ಮಡಚಿಕೊಂಡು ಹೊರಗೆ ಬಂದೆ.