ಎರಡನೇ ಗುಡ್ಡೆ

ಆಗ ನನಗೆ ಅರವತ್ತಾರು. ಎರಡು ವರ್ಷದ ಹಿಂದಿನ ಮಾತು.

ಅಥಣಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೂತು ಹಣ್ಣು ಆರಿಸಿದವಳು ನಾನು. ಓದಿದ್ದು ಮೂರನೇ ಇಯತ್ತೆ. ಹಣ್ಣಿಗೆ ಅಷ್ಟು ಸಾಕು. ಒಂದನೇ ನಂಬರಿನದು ಬಲಕ್ಕೆ, ಮೂರನೆಯದು ಎಡಕ್ಕೆ, ಎರಡನೆಯದು ನಡುವೆ. ಅನುಮಾನ ಬಂದ ಹಣ್ಣೂ ಆ ಎರಡನೇ ಗುಡ್ಡೆಗೇ ಹೋಗಬೇಕು. ಸಂಜೆ ಏಳುವ ಮುಂಚೆ ನನ್ನ ಎರಡನೇ ಗುಡ್ಡೆಯನ್ನು ಪಕ್ಕದವಳು ಕೈಯಾಡಿಸಿ ನೋಡುತ್ತಿದ್ದಳು, ಅವಳದನ್ನು ನಾನು. ಒಳ್ಳೆಯದು ಸಿಕ್ಕರೆ ಎತ್ತಿ ಒಂದಕ್ಕೆ ಹಾಕುವುದು. ನಮ್ಮ ಶೆಡ್ಡಿನ ಪದ್ಧತಿ ಅದು.

“ಇದೂ ಗೊತ್ತಾಗಲಿಲ್ಲೇನ ಬೇ? ಗಂಡನ್ನ ಹೆಂಗ ಆರಿಸಿದಿ?” ಎನ್ನುತ್ತಿದ್ದಳು.

“ನಾ ಎಲ್ಲಿ ಆರಿಸಿನಿ? ನಮ್ಮಪ್ಪ ಆರಿಸ್ಯಾನ. ಅವಗೂ ಕಣ್ಣ ಕಾಣತಿದ್ದಿಲ್ಲ.”

ಅವಳು ಮೊಣಕಾಲು ನೋವು ಹಿಡಿದು ರಾಯಬಾಗದ ಮಗಳ ಮನೆ ಸೇರಿದಳು. ಅದೇ ವರ್ಷ ಹಣ್ಣು ಆರಿಸುವ ಮಶೀನು ಬರುತ್ತದೆ ಎಂದರು. ಅದಕ್ಕೆ ಮೊದಲು ಕಲಿಸಬೇಕಂತೆ. ಕಲಿಸುವ ಆಫೀಸು ಪೇಟೆಯಲ್ಲೇ, ಮಹಡಿಯ ಮೇಲೆ. ಹಣ್ಣು ಬಲ್ಲವರೊಬ್ಬರು ಬೇಕೆಂದಾಗ ಶೆಡ್ಡಿನ ಮಾಲೀಕ ನನ್ನನ್ನು ಕಳಿಸಿದ.

ಹತ್ತು ಹುಡುಗಿಯರು, ಹತ್ತು ಕಂಪ್ಯೂಟರು. ಎಲ್ಲರ ಕಿವಿಯಲ್ಲೂ ಹಾಡು ಕೇಳುವ ಬಿರಡೆ. ನನ್ನ ಪಕ್ಕ ಕೂತವಳು ಉಗಾರ ಖುರ್ದದಿಂದ ಬರುತ್ತಿದ್ದಳು, ಡಿಗ್ರಿ ಆಗಿತ್ತು. ಪರದೆ ಮೇಲೆ ಒಂದೊಂದೇ ಹಣ್ಣಿನ ಫೋಟೋ ಬರುತ್ತಿತ್ತು. ಒಂದು, ಎರಡು, ಮೂರು ಎಂದು ನಾನು ಬೆರಳು ತೋರಿಸಿದರೆ ಅವಳು ಗುಂಡಿ ಒತ್ತುತ್ತಿದ್ದಳು. ಮಾತಿಲ್ಲ. ಮುಟ್ಟಲು ಹಣ್ಣೂ ಇಲ್ಲ. ಶೆಡ್ಡಿನಲ್ಲಿ ಬೈಸಿಕೊಂಡಾದರೂ ದಿನ ಹೋಗುತ್ತಿತ್ತು. ಇಲ್ಲಿ ನಾನು ಕೆಮ್ಮಿದರೂ ಯಾರೂ ತಿರುಗುತ್ತಿರಲಿಲ್ಲ.

ಆರು ತಿಂಗಳಲ್ಲಿ ಮಶೀನೇ ಗುರುತು ಹಾಕತೊಡಗಿತು. ನಮಗೆ ಉಳಿದದ್ದು ಅದರ ತಪ್ಪು ಹುಡುಕುವುದು. ತಪ್ಪು ಕಡಿಮೆಯಾದಂತೆ ಖುರ್ಚಿ ಖಾಲಿಯಾದವು. ಕೊನೆಗೆ ಉಳಿದವರು ಉಗಾರದ ಹುಡುಗಿ, ನಾನು.

ಒಂದು ಮಧ್ಯಾಹ್ನ ಅವಳು ಹೇಳಿದಳು: “ಆಯಿ, ನೀವು ಹೇಳೂದು, ಮಶೀನ ಹೇಳೂದು ಈಗ ಒಂದ ಆಗೇತ್ರಿ. ನಾಳೆಯಿಂದ ಬರೂದು ಬ್ಯಾಡಂತ.”

“ನಿಂದು?”

“ಈ ತಿಂಗಳ ಕಡೀತನಕ. ಕಲಿಸೂದು ಮುಗದ ಮ್ಯಾಲ ಕಲಿಸಾಕಿಗೆ ಏನೈತ್ರಿ ಕೆಲಸ?”

ಕೊನೆಯದಾಗಿ ಮಶೀನಿನ ಗುರುತುಗಳನ್ನು ತೋರಿಸಿದಳು. ಒಂದು ಬದಿ ಬಿಸಿಲು ಬಡಿದ ಹಣ್ಣು ಬಂತು. ಮಶೀನು ಎರಡು ಎಂದಿತು. ಮತ್ತೊಂದು ಅಂಥದೇ. ಅದಕ್ಕೂ ಎರಡು. ಅನುಮಾನದ ಹಣ್ಣೆಲ್ಲ ಎರಡು. ನಾನು ಅನುಮಾನದಿಂದ ಎರಡೆಂದದ್ದನ್ನು ಅದು ಖಾತ್ರಿ ಎಂದೇ ಕಲಿತಿತ್ತು.

“ತಂಗಿ, ನನ್ನ ಎರಡನೇ ಗುಡ್ಡಿ ಯಾರ ನೋಡ್ಯಾರ?”

“ಯಾವ ಗುಡ್ಡಿರಿ?”

ಶೆಡ್ಡಿನ ಪದ್ಧತಿ ಹೇಳಿದೆ. ಮೊದಲ ಸಲ ಕಿವಿಯ ಬಿರಡೆ ತೆಗೆದಳು.

“ಇಷ್ಟ ದಿನಾ ಯಾಕ ಹೇಳಲಿಲ್ರಿ?”

“ನೀ ನೋಡತೀ ಅನಕೊಂಡಿದ್ದೆ. ಪಕ್ಕದಾಗ ಕುಂತಾಕಿ ನೀನ ಅಲ್ಲೇನ?”

“ನನಗೇನ ಗೊತ್ರಿ ಹಣ್ಣಿಂದು?”

ತಪ್ಪು ನನ್ನದೇ. ಕೇಳಬೇಕಿತ್ತು, ಕೇಳಲಿಲ್ಲ. ಎರಡು ಎಂದದ್ದನ್ನೆಲ್ಲ ಮತ್ತೊಮ್ಮೆ ನೋಡುತ್ತೇನೆ, ಬಿಟ್ಟಿಯಾಗಿ ನೋಡುತ್ತೇನೆ ಎಂದೆ. ಅವಳು ಮೇಲಿನವರಿಗೆ ಫೋನು ಹಚ್ಚಿದಳು. ಬಹಳ ಹೊತ್ತು ಬರೀ ಹ್ಞೂಂ ಎಂದಳು.

“ಅಷ್ಟ ತಪ್ಪು ನಡೀತೈತಂತ್ರಿ, ಆಯಿ.”

“ಯಾರಿಗೆ ನಡೀತೈತಿ?”

ಅವಳು ಕಂಪ್ಯೂಟರು ಮುಚ್ಚಿದಳು. ಮನೆಗೆ ಬಂದು ರೊಟ್ಟಿ ತಿಂದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಮಲಗಿದೆ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಮಶೀನು ಆಗಲೇ ಬಂದು ಓಡುತ್ತಿತ್ತು, ನಾವು ಕೂರುತ್ತಿದ್ದ ಜಾಗದಲ್ಲಿ ಪೆಟ್ಟಿಗೆ ಒಟ್ಟಿದ್ದರು. “ಆಯಿ, ನಿಂದು ಹಾಜರಿ ಇಲ್ಲ ಇಲ್ಲಿ,” ಎಂದ ಆಳುಗಳನ್ನು ನೋಡಿಕೊಳ್ಳುವ ಮುಕಾದಮ.

“ಹಾಜರಿ ಯಾಂವ ಕೇಳ್ಯಾನ?” ಎಂದು ಎರಡನೇ ನಂಬರಿನ ಪೆಟ್ಟಿಗೆ ಎಳೆದುಕೊಂಡು ಕೂತೆ. ಒಂದು ತಾಸಿನಲ್ಲಿ ಎರಡು ಬೊಗಸೆ ಒಳ್ಳೆಯ ಹಣ್ಣು ತೆಗೆದು ಒಂದನೆಯದಕ್ಕೆ ಸುರುವಿದೆ. ನಾಲ್ಕು ಹಣ್ಣು ಮಾತ್ರ ಏನು ಮಾಡಿದರೂ ಗೊತ್ತಾಗಲಿಲ್ಲ. ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಪಕ್ಕ ಕೂರುತ್ತಿದ್ದವಳಿಗೆ ತೋರಿಸಲೆಂದು ರಾಯಬಾಗದ ಬಸ್ಸು ಹತ್ತಿದೆ.